ಗೇಟಿನಿಂದ ಹತ್ತೊಂಬತ್ತು ಗಂಟು

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಒತ್ತಕ್ಷರಗಳು ಇಳಿದು ಕೆಳಗಿನ ಸಾಲಿಗೆ ತಾಗುತ್ತವೆ. ಮಾತು ಜೋಡಿಸುವುದೂ ನನಗೆ ಅಷ್ಟು ಬರುವುದಿಲ್ಲ. ಕೆರೆ ಸಮಿತಿಯವರು ತರುವ ಪುಸ್ತಕಕ್ಕೆ ನಮ್ಮ ಬಡಾವಣೆಯ ಯಾರಾದರೂ ಒಬ್ಬರ ಬದುಕಿನ ಬಗ್ಗೆ ಬರೆದುಕೊಡು ಎಂದು ನನ್ನ ಜೊತೆ ಓದಿದ ಸಿರಿ ಕೇಳಿದ್ದಾಳೆ. ನಾನು ಅಪ್ಪನ ಬಗ್ಗೆ ಬರೆಯುತ್ತೇನೆ ಎಂದು ಎಲ್ಲರೂ ಅಂದುಕೊಂಡಿದ್ದಾರೆ. ಆದರೆ ನಾನು ಬರೆಯುತ್ತಿರುವುದು ಮೈತ್ರಿಯ ಬಗ್ಗೆ. ಮೈತ್ರಿ ಎಂದರೆ ನಾನೇ. 'ನಾನು' ಎಂದು ಬರೆಯಲು ಹೋದರೆ ಪೆನ್ನು ನಿಂತುಬಿಡುತ್ತದೆ. ಅದಕ್ಕೆ ಬೇರೆ ಯಾರದೋ ಕಥೆ ಹೇಳುವ ಹಾಗೆ ಹೇಳುತ್ತೇನೆ. ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ಮೈತ್ರಿ ಸುಬ್ರಹ್ಮಣ್ಯಪುರದ ವೆಂಕಟಸ್ವಾಮಿಯ ಒಬ್ಬಳೇ ಮಗಳು. ವೆಂಕಟಸ್ವಾಮಿಯದು ಸಕ್ಕಿಂಗ್ ಗಾಡಿ. ಒಳಚರಂಡಿ ಇನ್ನೂ ಬಾರದ ಬೀದಿಗಳಲ್ಲಿ ಪ್ರತಿ ಮನೆಗೂ ಕಕ್ಕಸಿನ ಗುಂಡಿ ಇರುತ್ತದೆ. ಅದು ತುಂಬಿ ಬಚ್ಚಲಿನಲ್ಲಿ ನೀರು ಹಿಂದಕ್ಕೆ ಬರತೊಡಗಿದಾಗ ಜನ ಫೋನ್ ಮಾಡುವುದು ಅವನಿಗೆ. ಅವನು ಗಾಡಿ ತಂದು, ಪೈಪ್ ಇಳಿಸಿ, ಎಲ್ಲವನ್ನೂ ಎಳೆದುಕೊಂಡು ಹೋಗುತ್ತಾನೆ.

ಒಂಬತ್ತನೇ ಕ್ಲಾಸಿನಲ್ಲಿ ಮೈತ್ರಿ ಶಾಲೆ ಬಿಟ್ಟಳು. ಅವಳನ್ನು ದಡ್ಡಿ ಎಂದು ಯಾರೂ ಅನ್ನಲಿಲ್ಲ, ನಿಧಾನ ಎಂದರು. ಪರೀಕ್ಷೆಯಲ್ಲಿ ಒಂದು ಉತ್ತರ ಬರೆದು, ಅಳಿಸಿ, ಇನ್ನೂ ಅಂದವಾಗಿ ಬರೆದು, ಕೆಳಗೆ ಗೆರೆ ಎಳೆದು ಮುಗಿಸುವ ಹೊತ್ತಿಗೆ ಗಂಟೆ ಹೊಡೆಯುತ್ತಿತ್ತು. ಎದ್ದು ನಿಂತು ಓದು ಎಂದರೆ ಮೊದಲ ಸಾಲನ್ನೇ ಮತ್ತೆ ಮತ್ತೆ ಓದುತ್ತಿದ್ದಳು. ಒಂದು ಸೋಮವಾರ ಜ್ವರ ಎಂದು ಮನೆಯಲ್ಲಿ ಉಳಿದವಳು ಮಂಗಳವಾರವೂ ಹೋಗಲಿಲ್ಲ, ಆ ವಾರವೂ ಹೋಗಲಿಲ್ಲ, ಆಮೇಲೆ ಹೋಗಲೇ ಇಲ್ಲ.

ಅವಳ ಅಮ್ಮ ಸುಧಾಮಣಿ ಬಿಟಿಎಂ ಲೇಔಟಿನ ಒಂದು ಪಿಜಿಯಲ್ಲಿ ಅಡುಗೆ ಮಾಡುತ್ತಾಳೆ. ಎರಡು ತಿಂಗಳು ನೋಡಿ ನೋಡಿ ಸಾಕಾಗಿ, "ಮನೇಲಿ ಕೂತ್ಕೊಂಡು ಗೋಡೆ ನೋಡೋ ಬದ್ಲು ನಿಮ್ಮಪ್ಪನ ಗಾಡೀಲಿ ಕೂತ್ಕೊಂಡು ರಸ್ತೆನಾದ್ರೂ ನೋಡು ಹೋಗು," ಎಂದಳು.

ಹಾಗೆ ಮೈತ್ರಿಗೆ ಗಾಡಿಯ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಅಪ್ಪ ಓಡಿಸುತ್ತಿದ್ದ. ನಡುವೆ ಪಿಳ್ಳಣ್ಣ ಕೂರುತ್ತಿದ್ದ. ಅವನು ಅಪ್ಪನಿಗಿಂತ ಹಿರಿಯ, ಪೈಪ್ ಹಿಡಿಯುವವನು, ಬಾಯಿ ಸುಮ್ಮನಿರದವನು.

ಮೊದಲ ದಿನ ಹೋದದ್ದು ಚಲುವರಾಜು ಎಂಬುವವರ ಮನೆಗೆ. ಆ ಮನೆಯ ಗುಂಡಿ ಎಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ನಮ್ಮ ಕಡೆ ಎಲ್ಲರೂ ಗುಂಡಿಯ ಮೇಲೆ ಟೈಲ್ಸ್ ಹಾಕಿಸಿಬಿಡುತ್ತಾರೆ, ಅದರ ಮೇಲೆ ಕಾರು ನಿಲ್ಲಿಸುತ್ತಾರೆ, ಇಲ್ಲವೇ ಹೂಕುಂಡ ಇಡುತ್ತಾರೆ, ಆಮೇಲೆ ಮರೆತೇಬಿಡುತ್ತಾರೆ. "ಅಲ್ಲೇ ಎಲ್ಲೋ ಇರ್ಬೇಕು ನೋಡಿ ಗುರು," ಎಂದು ಚಲುವರಾಜು ಅಂಗಳದ ಮೂರು ಮೂಲೆ ತೋರಿಸಿದರು. ಅಪ್ಪ ಮೂರು ಮೂಲೆಯನ್ನೂ ಒಡೆದ. ಗುಂಡಿ ಸಿಕ್ಕಿದ್ದು ನಾಲ್ಕನೆಯದರಲ್ಲಿ.

ಅಪ್ಪ ಮೈಯೆಲ್ಲ ಬೆವೆತು ಕೂತಿದ್ದನ್ನು ಮೈತ್ರಿ ನೋಡಿದಳು. ಮಾರನೆಯ ದಿನ ನೀಲಿ ನೈಲಾನ್ ಹಗ್ಗ ತೆಗೆದುಕೊಂಡು, ಸ್ಕೇಲ್ ಇಟ್ಟು ಅಳೆದು, ಒಂದೊಂದು ಅಡಿಗೆ ಒಂದೊಂದು ಗಂಟು ಹಾಕಿ, ಚಲುವರಾಜು ಮನೆಗೆ ಮತ್ತೆ ಹೋಗಿ ಅಳೆದು ಬಂದಳು. ಒಂದು ಉದ್ದದ ನೋಟ್‌ಬುಕ್ಕಿಗೆ ರಟ್ಟು ಹಾಕಿ, ಮೊದಲ ಪುಟದಲ್ಲಿ ಚಲುವರಾಜು ಮನೆಯ ಚಿತ್ರ ಬರೆದಳು. ಕೆಳಗೆ, "ಗೇಟಿನ ಎಡ ಕಂಬದಿಂದ ನೇರ ಒಳಗೆ ಹತ್ತೊಂಬತ್ತು ಗಂಟು, ಅಲ್ಲಿಂದ ಬಲಕ್ಕೆ ನಾಲ್ಕು ಗಂಟು" ಎಂದು ಬರೆದಳು. ಅಂದಿನಿಂದ ನಮ್ಮ ಬಡಾವಣೆಯಲ್ಲಿ ಹೋದ ಮನೆಗೆಲ್ಲ ಒಂದು ಪುಟ. ಅಳತೆ ಯಾವಾಗಲೂ ಗೇಟಿನಿಂದಲೇ. ತಾನೇ ಕೈಯಾರೆ ಅಳೆಯದೆ ಒಂದು ಅಕ್ಷರವನ್ನೂ ಅವಳು ಅದರಲ್ಲಿ ಬರೆಯುತ್ತಿರಲಿಲ್ಲ. ಮೂರು ವರ್ಷದಲ್ಲಿ ಅರವತ್ತೊಂದು ಪುಟಗಳಾದವು. ಅಪ್ಪ ಎರಡನೇ ಸಲ ಹೋದ ಮನೆಗಳಲ್ಲಿ ನೇರವಾಗಿ ಜಾಗಕ್ಕೆ ಹೋಗಿ ಹಾರೆ ಇಡುತ್ತಿದ್ದ. ಮನೆಯವರು ಬಾಯಿ ಬಿಟ್ಟು ನೋಡಿದರೆ, "ನಮ್ ಮಗು ಬರ್ದಿಟ್ಟಿರೋದು ಸಾರ್, ತಪ್ಪೋದೇ ಇಲ್ಲ," ಎನ್ನುತ್ತಿದ್ದ. ಆ ಒಂದು ಮಾತಿಗಾಗಿ ಮೈತ್ರಿ ಬಿಸಿಲಲ್ಲಿ ಎಷ್ಟು ಹೊತ್ತು ಬೇಕಾದರೂ ಹಗ್ಗ ಹಿಡಿದು ನಿಲ್ಲುತ್ತಿದ್ದಳು.

ಅಪ್ಪನಿಗೆ ಎರಡು ನಿಯಮಗಳಿದ್ದವು. ಗುಂಡಿಯೊಳಕ್ಕೆ ಮನುಷ್ಯರನ್ನು ಇಳಿಸುವುದಿಲ್ಲ, ಕಾನೂನೂ ಅದನ್ನೇ ಹೇಳುತ್ತದೆ. ಎಳೆದ ಕೊಳಚೆಯನ್ನು ಶುದ್ಧೀಕರಣ ಘಟಕಕ್ಕೆ ಕೊಟ್ಟು ಚೀಟಿ ತೆಗೆದುಕೊಳ್ಳದೆ ವಾಪಸು ಬರುವುದಿಲ್ಲ. ಕೆಲವು ಗಾಡಿಯವರು ಕದ್ದು ಮಳೆನೀರು ಹರಿಯುವ ರಾಜಕಾಲುವೆಗೇ ಬಿಟ್ಟುಬಿಡುತ್ತಾರೆ. "ಈ ಕಾಲುವೆ ಹೋಗಿ ವೃಷಭಾವತಿಗೆ ಸೇರುತ್ತೆ. ಕೆಳಗಡೆಯೋರು ಆ ನೀರಲ್ಲಿ ಸೊಪ್ಪು ಬೆಳೀತಾರೆ. ಆ ಸೊಪ್ಪು ತಿರ್ಗಾ ಸಾರಕ್ಕಿ ಮಾರ್ಕೆಟ್ಟಿಗೇ ಬರುತ್ತೆ. ನಿಮ್ಮಮ್ಮ ಕಟ್ಟು ಕಟ್ಟು ತಂದು ನನಗೇ ಹುಳಿ ಮಾಡಿ ಬಡಿಸ್ತಾಳೆ," ಎಂದು ಒಮ್ಮೆ ಅಪ್ಪ ಹೇಳಿದ್ದ. ಮೂರು ವರ್ಷದಲ್ಲಿ ಅಪ್ಪ ಅವಳ ಹತ್ತಿರ ಅಷ್ಟು ಉದ್ದ ಮಾತಾಡಿದ್ದು ಅದೊಂದೇ ಸಲ. ಅವಳು ಏನನ್ನೂ ಕೇಳುತ್ತಿರಲಿಲ್ಲ, ಅವನೂ ಹೇಳುತ್ತಿರಲಿಲ್ಲ.

ಆ ಮಾತಾದ ಮೇಲೆ ಮೈತ್ರಿ ಪುಸ್ತಕದಲ್ಲಿ ಒಂದು ಹೊಸ ಗುರುತು ಶುರುಮಾಡಿದಳು. ನಾಲ್ಕೈದು ಜನರಿರುವ ಮನೆಯ ಗುಂಡಿ ಎರಡು ವರ್ಷಕ್ಕೆ ತುಂಬಲೇಬೇಕು. ತುಂಬದಿದ್ದರೆ ಒಳಗಿನದು ಬೇರೆ ಎಲ್ಲಿಗೋ ಹರಿಯುತ್ತಿದೆ ಎಂದರ್ಥ. ಹಾಗೆ ಎರಡು ವರ್ಷ ಕಳೆದರೂ ಮತ್ತೆ ಫೋನ್ ಮಾಡದ ಮನೆಗಳ ಪುಟದ ಮೂಲೆಯಲ್ಲಿ ಒಂದು ಕಪ್ಪು ಚುಕ್ಕೆ ಇಟ್ಟಳು. ಯಾರಿಗೂ ಹೇಳಲಿಲ್ಲ.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಸಿರಿ ಬಂದಳು.

ಸಿರಿ ಏಳನೇ ಕ್ಲಾಸಿನವರೆಗೆ ಮೈತ್ರಿಯ ಪಕ್ಕದಲ್ಲೇ ಕೂರುತ್ತಿದ್ದವಳು. ಎಲ್ಲರಿಗಿಂತ ಮೊದಲು ಬರೆದು ಮುಗಿಸಿ, ತನ್ನ ರಬ್ಬರನ್ನು ಮೈತ್ರಿಯ ಕಡೆ ತಳ್ಳುತ್ತಿದ್ದಳು. "ತಗೋಳೇ, ನಂಗೆ ಬೇಕಾಗಲ್ಲ." ಆ ರಬ್ಬರು ಯಾವಾಗಲೂ ಹೊಸದಾಗಿಯೇ ಇರುತ್ತಿತ್ತು. ಈಗ ಜಯನಗರದ ಕಾಲೇಜೊಂದರಲ್ಲಿ ಸಿವಿಲ್ ಡಿಪ್ಲೊಮಾ ಓದುತ್ತಿದ್ದಾಳೆ. ಕೈಯಲ್ಲಿ ಹಳದಿ ಬಣ್ಣದ ಪುಟ್ಟ ಯಂತ್ರ. ಒತ್ತಿದರೆ ಗೋಡೆಯ ಮೇಲೆ ಕೆಂಪು ಬೊಟ್ಟು ಬೀಳುತ್ತದೆ, ಎಷ್ಟು ಅಡಿ ಎಂದು ಅದೇ ಹೇಳುತ್ತದೆ. ಹಗ್ಗ ಬೇಡ, ಗಂಟು ಬೇಡ.

"ಅಂಕಲ್, ಮನೆಗಳ ಕೊಳಚೆ ಕಾಲುವೆಗೆ ಸೇರ್ತಿದ್ರೆ ಮೂರು ತಿಂಗಳಲ್ಲಿ ನಿಲ್ಲಿಸ್ಬೇಕು ಅಂತ ಆರ್ಡರ್ ಬಂದಿದೆ," ಎಂದು ಸಿರಿ ಬಾಗಿಲಲ್ಲೇ ಶುರುಮಾಡಿದಳು. "ಯಾವ್ಯಾವ ಮನೆ ಅಂತ ಕೆರೆ ಸಮಿತಿಯಿಂದ ಲಿಸ್ಟ್ ಕೊಡ್ಬೇಕು. ನಂದೂ ಅದೇ ಪ್ರಾಜೆಕ್ಟು. ಈ ಏರಿಯಾದ ಗುಂಡಿಗಳು ನಿಮಗೆ ಗೊತ್ತಿರೋ ಅಷ್ಟು ಯಾರಿಗೂ ಗೊತ್ತಿಲ್ವಂತೆ."

ಅಪ್ಪನ ಮುಖ ಅರಳಿದ್ದನ್ನು ಮೈತ್ರಿ ಅಡುಗೆಮನೆಯ ಬಾಗಿಲಿನಿಂದ ನೋಡಿದಳು.

ಮಾರನೆಯ ಬೆಳಿಗ್ಗೆ ಅವಳು ಚಪ್ಪಲಿ ಹಾಕಿಕೊಂಡು ಗಾಡಿ ಹತ್ತಿರ ಹೋದರೆ, ಕಿಟಕಿ ಪಕ್ಕದಲ್ಲಿ ಸಿರಿ ಕೂತಿದ್ದಳು. "ಪುಟ್ಟಿ, ಇವತ್ತು ನೀನು ಮನೇಲಿದ್ದು ಫೋನ್ ನೋಡ್ಕೋ," ಎಂದ ಅಪ್ಪ. "ಸಿರಿ ಮೇಡಂಗೆ ಏರಿಯಾ ತೋರಿಸ್ಬೇಕು."

ಮೇಡಂ ಅಂತೆ ಮೇಡಂ. ತನ್ನ ವಯಸ್ಸಿನವಳೇ.

"ನಿನ್ ಸೀಟು ಹೋಯ್ತಲ್ಲ ತಾಯಿ," ಎಂದು ಪಿಳ್ಳಣ್ಣ ನಕ್ಕ. "ಎಮ್ಮೆಲ್ಲೆ ಸೀಟಾದ್ರೂ ಐದ್ ವರ್ಷ ಇರುತ್ತೆ."

ಸಂಜೆ ಅಪ್ಪ ನಗುನಗುತ್ತಾ ಬಂದ. "ಆ ಹುಡುಗಿ ಎಷ್ಟು ಪ್ರಶ್ನೆ ಕೇಳ್ತಾಳೆ ಗೊತ್ತಾ! ಗುಂಡಿಗೆ ರಿಂಗ್ ಯಾಕೆ, ತಳಕ್ಕೆ ಯಾಕೆ ಸಿಮೆಂಟ್ ಹಾಕಲ್ಲ, ಗ್ಯಾಸ್ ಇದ್ರೆ ಹೆಂಗೆ ಗೊತ್ತಾಗುತ್ತೆ... ನನಗೇ ಮರ್ತೋಗಿದ್ದೆಲ್ಲ ನೆನಪಾಯ್ತು." ಊಟ ಮಾಡುವಾಗಲೂ ಸಿರಿ ಹಾಗಂದಳು, ಸಿರಿ ಹೀಗಂದಳು. ಮೈತ್ರಿ ಮೂರು ವರ್ಷ ಒಂದೂ ಪ್ರಶ್ನೆ ಕೇಳಿರಲಿಲ್ಲ. ಓಡಿಸುವಾಗ ಅಪ್ಪನಿಗೆ ತೊಂದರೆ ಆಗಬಾರದು ಎಂದು ಸುಮ್ಮನಿದ್ದಳು. ಕೇಳಿದರೆ ಅಪ್ಪ ಹೇಳುತ್ತಿದ್ದ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಕೈ ತೊಳೆದು ಬಂದು, ಒದ್ದೆ ಬಟ್ಟೆ ತೆಗೆದುಕೊಂಡು ಹೋಗಿ ಆ ಸೀಟನ್ನು ಒರೆಸಿದಳು. ಸಿರಿಯ ಶಾಂಪೂ ವಾಸನೆ ಹೋಗಲಿಲ್ಲ. ಇನ್ನೊಂದು ಸಲ ಒರೆಸಿದಳು.

ನಾಲ್ಕನೆಯ ದಿನ ಸಿರಿ ಪುಸ್ತಕ ಕೇಳಿದಳು. ಅಪ್ಪನೇ ತೆಗೆದುಕೊಟ್ಟ. ಮೂರು ವರ್ಷದ ಕೆಲಸವನ್ನು ಸಿರಿ ಹತ್ತು ನಿಮಿಷದಲ್ಲಿ ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡಳು. ಪುಟ ತಿರುಗಿಸುತ್ತಾ ಕೇಳಿದಳು, "ಈ ಮೂಲೇಲಿ ಚುಕ್ಕೆ ಇದ್ಯಲ್ಲ, ಏನಿದು?"

"ಸುಮ್ನೆ," ಎಂದಳು ಮೈತ್ರಿ.

ಎರಡು ದಿನ ಬಿಟ್ಟು ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಬಣ್ಣದ ನಕ್ಷೆಯೊಂದು ಬಂತು. ಅರವತ್ತೊಂದು ಮನೆ, ಅರವತ್ತೊಂದು ಗುಂಡಿ. ಮೇಲೆ ದಪ್ಪ ಅಕ್ಷರದಲ್ಲಿ ಸಿರಿ ಜಯದೇವಪ್ಪ. ಕೆಳಗೆ ಇರುವೆಯಷ್ಟು ಸಣ್ಣದಾಗಿ, ಮಾಹಿತಿ: ಸ್ಥಳೀಯರು. ಕೆರೆ ಸಮಿತಿಯ ಚಿದಾನಂದ್ ಸಾರ್ "ಸಖತ್ ಕೆಲಸ ಸಿರಿ!" ಎಂದು ಹಾಕಿದ್ದರು. "ನೋಡು ಪುಟ್ಟಿ, ನಿನ್ ಪುಸ್ತಕ ಎಲ್ಲೆಲ್ಲಿ ಓಡಾಡ್ತಿದೆ," ಎಂದು ಅಪ್ಪ ಖುಷಿಯಿಂದ ಫೋನ್ ತೋರಿಸಿದ. ಮೈತ್ರಿ ಹೆಬ್ಬೆರಳು ಎತ್ತಿದ ಚಿತ್ರಗಳನ್ನು ಎಣಿಸಿದಳು. ಐವತ್ತೆಂಟಿದ್ದವು. ತಾನು ಸ್ಥಳೀಯರು.

ಗುಂಡಿಗಳನ್ನು ತೆರೆದು ಒಳಗಿನಿಂದ ಕಳ್ಳಪೈಪು ಹೋಗಿದೆಯೇ ಎಂದು ನೋಡುವುದು ಮುಂದಿನ ಕೆಲಸವಾಗಿತ್ತು. ಯಾವ ಮನೆಯವರೂ ಒಪ್ಪಲಿಲ್ಲ. ಆಗ ಸಿರಿ, "ಮೊದ್ಲು ನಮ್ಮನೇದೇ ತೆಗೆಯೋಣ ಅಂಕಲ್, ಆಮೇಲೆ ಬೇರೆಯವ್ರು ಬೇಡ ಅನ್ನಕ್ಕಾಗಲ್ಲ," ಎಂದಳು.

ಸಿರಿಯ ಮನೆಯವರು ಎರಡು ವರ್ಷದ ಹಿಂದೆ ಕೊಂಡಿದ್ದು ಚಲುವರಾಜು ಮನೆಯನ್ನೇ. ಪುಸ್ತಕದ ಮೊದಲ ಪುಟ. ಮನೆ ಮಾರಾಟವಾಗುತ್ತಿಲ್ಲ ಎಂದು ಚಲುವರಾಜು ವಾಸ್ತು ನೋಡುವವರನ್ನು ಕರೆಸಿದ್ದರು. ಅವರು ಹೇಳಿದರೆಂದು ಗೇಟನ್ನು ಕಿತ್ತು ಹದಿನೈದು ಅಡಿ ಆಚೆಗೆ, ಮೂಲೆಗೆ ಸರಿಸಿದರು. ಹಳೆಯ ಗೇಟಿದ್ದ ಜಾಗಕ್ಕೆ ಇಟ್ಟಿಗೆ ತುಂಬಿ ಬಣ್ಣ ಬಳಿದರು. ಆಮೇಲೆ ಮನೆ ಮಾರಿದರು. ಸಿರಿಯವರಿಗೆ ಇದು ಗೊತ್ತಿಲ್ಲ. ಅಪ್ಪನಿಗೆ ನೆನಪಿಲ್ಲ. ಮೈತ್ರಿ ಮಾತ್ರ ಹಾಲಿಗೆ ಹೋಗುವಾಗ ಗಾರೆಯವರು ಗೋಡೆ ಕಟ್ಟುವುದನ್ನು ನಿಂತು ನೋಡಿದ್ದಳು. ಅಳೆಯದೆ ಬರೆಯಬಾರದು ಎಂದು ಪುಸ್ತಕದಲ್ಲಿ ಬರೆದಿರಲಿಲ್ಲ.

ಅವಳು ಹೇಳಬಹುದಾಗಿತ್ತು. ಹೇಳಲಿಲ್ಲ. ಸಿರಿ ಎಲ್ಲರ ಮುಂದೆ ಒಂದು ಸಲ, ಒಂದೇ ಒಂದು ಸಲ ತಪ್ಪಲಿ ಎಂದು ಅವಳಿಗೆ ಅನ್ನಿಸಿತು.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಹೋದರು. ಗಾಡಿಯಲ್ಲಿ ಜಾಗವಿಲ್ಲದೆ ಮೈತ್ರಿ ನಡೆದುಕೊಂಡು ಹೋದಳು, ಹಗ್ಗವನ್ನು ಸುಮ್ಮನೆ ಚೀಲದಲ್ಲಿ ಇಟ್ಟುಕೊಂಡಿದ್ದಳು. ಸಿರಿಯ ಅಜ್ಜಿ ಶಿವಬಸಮ್ಮನವರು ಪೂಜೆ ಮುಗಿಸಿ, ಹಣೆಗೆ ವಿಭೂತಿ ಇಟ್ಟುಕೊಂಡು ಕಾಫಿ ತಂದರು. ಕೆಲಸದವರಿಗೆ ಪೇಪರ್ ಲೋಟ, ಸಿರಿಗೆ ಸ್ಟೀಲಿನದು. ಸಿರಿ ತನ್ನದನ್ನು ಒಂದು ಪೇಪರ್ ಲೋಟಕ್ಕೆ ಬಗ್ಗಿಸಿಕೊಂಡು, ಮೈತ್ರಿಯ ಪಕ್ಕ ಮೆಟ್ಟಿಲ ಮೇಲೆ ಕೂತು ಕುಡಿದಳು. ಅದನ್ನೂ ಎಷ್ಟು ಸುಲಭವಾಗಿ ಮಾಡಿದಳು! ಮೈತ್ರಿ ತನ್ನ ಲೋಟವನ್ನು ಪಕ್ಕಕ್ಕೆ ಇಟ್ಟುಬಿಟ್ಟಳು.

"ನಮ್ಮನೆ ಗುಂಡಿ ಬಲು ಒಳ್ಳೇದು ಕಣಪ್ಪ," ಎಂದರು ಶಿವಬಸಮ್ಮನವರು. "ನಾವ್ ಬಂದು ಎರಡು ವರ್ಷ ಆಯ್ತು, ಒಂದ್ ದಿನಾನೂ ತುಂಬಿಲ್ಲ. ಅದನ್ಯಾಕೆ ಕೆದಕ್ತೀರೋ."

ಸಿರಿ ಗೇಟಿನ ಎಡ ಕಂಬದಿಂದ ಕೆಂಪು ಬೊಟ್ಟು ಬಿಟ್ಟು ಹತ್ತೊಂಬತ್ತು ಅಡಿ ಅಳೆದಳು. ಬಲಕ್ಕೆ ನಾಲ್ಕು ಅಡಿ. ಸೀಮೆಸುಣ್ಣದಲ್ಲಿ ಗುರುತು ಹಾಕಿದಳು. ಅಪ್ಪ ಹಾರೆ ಎತ್ತಿಕೊಂಡ. ಒಂದು ಕ್ಷಣ ನಿಂತು ಮೈತ್ರಿಯ ಕಡೆ ತಿರುಗಿದ.

"ಸರಿ ತಾನೆ ಪುಟ್ಟಿ?"

ಎಲ್ಲರೂ ಅವಳನ್ನೇ ನೋಡಿದರು. ತಲೆ ಅಲ್ಲಾಡಿಸಿದಳೋ ಇಲ್ಲವೋ ಸರಿಯಾಗಿ ನೆನಪಿಲ್ಲ ಎಂದು ಬರೆಯಬೇಕೆಂದಿದ್ದೆ. ಆದರೆ ನೆನಪಿದೆ. ಅಲ್ಲಾಡಿಸಿದಳು. ಹೌದು ಎಂದೇ ಅಲ್ಲಾಡಿಸಿದಳು. ಬರೀ ಟೈಲ್ಸ್ ಒಡೆಯುತ್ತದೆ, ಸಿರಿಗೆ ಬೈಗುಳ ಬೀಳುತ್ತದೆ, ಅಷ್ಟೇ ಎಂದುಕೊಂಡಿದ್ದಳು.

ಮೂರನೇ ಏಟಿಗೆ ನೀರು ಚಿಮ್ಮಿತು. ಅಂದು ನಲ್ಲಿಯಲ್ಲಿ ನೀರು ಬಿಡುವ ದಿನ. ಹೊಸ ಗೇಟಿನ ಕಡೆಯಿಂದ ನೆಲದಡಿಯ ನೀರಿನ ತೊಟ್ಟಿಗೆ ಹೋಗುವ ಪೈಪು ಆ ಗುರುತಿನ ಕೆಳಗೇ ಇತ್ತು. ನೀರು ಅಪ್ಪನ ಎದೆಯೆತ್ತರ ಹಾರಿ, ಅಂಗಳ ತುಂಬಿ, ಮೆಟ್ಟಿಲಿಳಿದು ರಸ್ತೆಗೆ ಹರಿಯಿತು. "ಅಯ್ಯೋ, ಕಾವೇರಿ ನೀರು ಕಣ್ರೋ! ಕುಡಿಯೋ ನೀರು!" ಎಂದು ಶಿವಬಸಮ್ಮನವರು ಕೂಗಿಕೊಂಡರು. ಪಿಳ್ಳಣ್ಣ ತಲೆಯ ಟವೆಲ್ ಬಿಚ್ಚಿ ತೂತಿಗೆ ತುರುಕಿ ಅದರ ಮೇಲೇ ಕೂತುಬಿಟ್ಟ. ಅಪ್ಪ ಓಡಿಹೋಗಿ ರಸ್ತೆಯ ವಾಲ್ವ್ ತಿರುಗಿಸಿ ಬಂದ. ಅಕ್ಕಪಕ್ಕದವರೆಲ್ಲ ಕಾಂಪೌಂಡಿಗೆ ಬಂದು ನಿಂತಿದ್ದರು.

"ಕಕ್ಕಸು ಎತ್ತೋರ ಕೈಗೆ ಹಾರೆ ಕೊಟ್ರೆ ಇನ್ನೇನಾಗುತ್ತೆ!" ಎಂದರು ಶಿವಬಸಮ್ಮನವರು.

"ಅಜ್ಜೀ! ಅಳೆದಿದ್ದು ನಾನು. ಬೈಯೋದಾದ್ರೆ ನನಗೆ ಬೈ," ಎಂದಳು ಸಿರಿ. ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರು ತುಂಬಿತ್ತು.

ಮೈತ್ರಿ ಬೇಡಿಕೊಂಡಿದ್ದು ಇದನ್ನೇ. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಅವಳಿಗೆ ಸಂತೋಷವೂ ಆಯಿತು. ಆಮೇಲೆ ಅಪ್ಪನನ್ನು ನೋಡಿದಳು. ಎದೆಯವರೆಗೆ ಒದ್ದೆಯಾಗಿ, ಎರಡೂ ಕೈ ಜೋಡಿಸಿಕೊಂಡು, "ತಪ್ಪಾಯ್ತು ತಾಯಿ, ಇವತ್ತೇ ಪ್ಲಂಬರ್ ಕರ್ಕೊಂಡ್ಬಂದು ಸರಿ ಮಾಡಿಸ್ಕೊಡ್ತೀನಿ," ಎನ್ನುತ್ತಿದ್ದ. ಯಾರ ಮುಂದೆಯೂ ಅಪ್ಪ ಹಾಗೆ ಕೈ ಜೋಡಿಸಿದ್ದನ್ನು ಅವಳು ನೋಡಿರಲಿಲ್ಲ.

ಅವಳು ಕಾಂಪೌಂಡ್ ಗೋಡೆಯ ಹತ್ತಿರ ಹೋದಳು. ಬಣ್ಣದ ಒಳಗೂ ಇಟ್ಟಿಗೆ ತುಂಬಿದ ಅಂಚು ಗೆರೆಯಂತೆ ಕಾಣುತ್ತಿತ್ತು. "ಹಳೇ ಗೇಟು ಇಲ್ಲಿತ್ತು," ಎಂದಳು. ಯಾರಿಗೂ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿದಳು. ಆಮೇಲೆ ಹಗ್ಗ ತೆಗೆದು, ಸಿರಿಯ ಕೈಗೆ ಒಂದು ತುದಿ ಕೊಟ್ಟು, ಹತ್ತೊಂಬತ್ತು ಗಂಟು ಎಣಿಸಿದಳು. ಬಲಕ್ಕೆ ನಾಲ್ಕು. ಅಲ್ಲೊಂದು ದಾಸವಾಳದ ಕುಂಡವಿತ್ತು. ಅದನ್ನು ಸರಿಸಿ ಅಪ್ಪ ಹಾರೆಯ ತುದಿಯಿಂದ ಕುಟ್ಟಿದ. ಕೆಳಗೆ ಟೊಳ್ಳು ಸದ್ದು.

ಚಪ್ಪಡಿ ಎತ್ತಿದರೆ ಗುಂಡಿ ಮುಕ್ಕಾಲು ಖಾಲಿ. ಗುಂಡಿ ಗೋಡೆಯ ಸಿಮೆಂಟ್ ರಿಂಗಿನಲ್ಲಿ ನಾಲ್ಕಿಂಚಿನ ಪೈಪೊಂದು ಮನೆ ಹಿಂದಿನ ರಾಜಕಾಲುವೆಯ ಕಡೆ ಬಾಯಿ ತೆರೆದುಕೊಂಡಿತ್ತು. ಮೂರು ವರ್ಷದ ಹಿಂದೆ ತೆಗೆದಾಗ ಅದು ಇರಲಿಲ್ಲ, ಮಾರುವ ಮೊದಲು ಚಲುವರಾಜು ಹಾಕಿಸಿದ್ದಿರಬೇಕು. ತುಂಬುತ್ತಿರಲಿಲ್ಲವೇಕೆ ಎಂದು ಶಿವಬಸಮ್ಮನವರಿಗೂ ತಿಳಿಯಿತು. ಅವರು ಸೆರಗು ಮೂಗಿಗೆ ಒತ್ತಿಕೊಂಡು ಹಿಂದೆ ಸರಿದರು.

"ಚುಕ್ಕೆ ಅಂದ್ರೆ ಇದೇ," ಎಂದಳು ಮೈತ್ರಿ. "ತಿರ್ಗಾ ಫೋನ್ ಮಾಡದೇ ಇರೋ ಮನೆಗಳು."

ಸಿರಿ ಫೋನ್ ತೆಗೆದು ಚುಕ್ಕೆಗಳನ್ನು ಎಣಿಸಿದಳು. ಹದಿನೇಳಿದ್ದವು. "ಅಯ್ಯೋ ಮೈತ್ರಿ, ನಾನು ಹುಡುಕ್ತಿದ್ದಿದ್ದೇ ಇದು! ಮೊದ್ಲೇ ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ."

"ಕೇಳ್ದೆ ಕಣೆ. ನೀನೇ 'ಸುಮ್ನೆ' ಅಂದೆ."

ಸಿರಿ ಅಲ್ಲೇ ಮೆಟ್ಟಿಲ ಮೇಲೆ ಕೂತು ಪಟ್ಟಿ ಬರೆಯತೊಡಗಿದಳು. ಒಂದನೇ ನಂಬರಿಗೆ ತಮ್ಮದೇ ಮನೆ. "ನಮ್ಮನೇದನ್ನೇ ಮೊದ್ಲು ಬರೀಬೇಕೇನೇ? ನಿಮ್ಮಪ್ಪ ಬರ್ಲಿ ತಡಿ," ಎಂದರು ಅಜ್ಜಿ. "ಮೊದ್ಲು ಸಿಕ್ಕಿದ್ದು ನಮ್ದೇ ಅಲ್ವಾ ಅಜ್ಜಿ," ಎಂದು ಸಿರಿ ತಲೆ ಎತ್ತದೆ ಬರೆದಳು. ಬರೆದದ್ದನ್ನು ಅಳಿಸಲಿಲ್ಲ. ಅವಳು ಸ್ವಲ್ಪ ಕೆಟ್ಟವಳಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದುಕೊಂಡಳು ಮೈತ್ರಿ.

ಸಂಜೆ ಅಪ್ಪ ಕಾಲು ಚಾಚಿ ಕೂತು ಕೇಳಿದ. "ಗೇಟು ಬದಲಾಗಿದ್ದು ನಿಂಗೆ ಮೊದ್ಲೇ ಗೊತ್ತಿತ್ತಾ ಪುಟ್ಟಿ?"

"ಇಲ್ಲಪ್ಪ. ಗೋಡೆ ನೋಡಿದ್ಮೇಲೆ ಹೊಳೀತು."

"ಹೂಂ," ಎಂದ ಅಪ್ಪ. ಸಿಟ್ಟು ಮಾಡಲಿಲ್ಲ. "ಜನ ಗೇಟ್ ಬದಲಾಯಿಸ್ತಾ ಇದ್ರೆ ಪುಸ್ತಕ ಏನ್ಮಾಡುತ್ತೆ, ಪಾಪ. ಇನ್ಮೇಲೆ ಅದನ್ನ ನಂಬ್ಕೊಂಡು ಹಾರೆ ಎತ್ತೋದು ಬೇಡ. ಸಿರಿ ಫೋನಲ್ಲೇ ಸ್ಯಾಟಲೈಟ್ ಗುರುತು ಹಾಕ್ಕೊಡ್ತಾಳಂತೆ." ಪುಸ್ತಕವನ್ನು ತಾನೇ ತೆಗೆದು ದೇವರ ಗೂಡಿನ ಮೇಲಿನ ಹಲಗೆಗೆ ಇಟ್ಟ. ಹಳೆಯ ಕ್ಯಾಲೆಂಡರುಗಳನ್ನು ಇಡುವ ಹಲಗೆ ಅದು.

ಅಂದಿನಿಂದ ಐದು ದಿನಗಳಾದವು. ಪುಸ್ತಕ ಅಲ್ಲೇ ಇದೆ. ಅಮ್ಮ ಎರಡು ಸಲ ಕೇಳಿದಳು, "ಏನೇ, ಊಟ ಬಿಟ್ಟು ಹಲಗೆ ನೋಡ್ತಾ ಕೂತಿದೀಯಾ?" ಪುಸ್ತಕ ತಪ್ಪಾಗಿರಲಿಲ್ಲ, ಅದನ್ನು ಬರೆದವಳು ತಪ್ಪು ಮಾಡಿದ್ದಳು. ಬರೆದವಳು ಬಾಯಿ ಬಿಡುವವರೆಗೆ ತಪ್ಪು ಪುಸ್ತಕದ ಮೇಲೆಯೇ ಇರುತ್ತದೆ, ಅಪ್ಪನೂ ಇನ್ನು ಯಾರ ಮುಂದೆಯೂ 'ನಮ್ ಮಗು ಬರ್ದಿಟ್ಟಿರೋದು' ಎನ್ನುವುದಿಲ್ಲ.

ನಿನ್ನೆ ಸಿರಿ ಬಂದಿದ್ದಳು. ಕೆರೆ ಸಮಿತಿಯ ಸಭೆಗೆ ಕೊಡುವ ಪಟ್ಟಿ ತೋರಿಸಿದಳು. ಹದಿನೇಳು ಮನೆಗಳು. ಕೆಳಗೆ, ಮಾಹಿತಿ ಮತ್ತು ಅಳತೆ: ವಿ. ಮೈತ್ರಿ. ಅದೂ ದಪ್ಪ ಅಕ್ಷರದಲ್ಲಿ. ಕೇಳದೆಯೇ ಹಾಕಿದ್ದಳು. ಅದನ್ನು ನೋಡಿದಾಗಲೂ ಮೈತ್ರಿಗೆ ಹೊಟ್ಟೆಯೇ ಉರಿಯಿತು. ಕೊಡುವುದಕ್ಕೆ ಯಾವಾಗಲೂ ಸಿರಿಯ ಹತ್ತಿರ ಏನಾದರೂ ಇರುತ್ತದೆ, ತನ್ನ ಹತ್ತಿರ ತೆಗೆದುಕೊಳ್ಳುವುದಕ್ಕೆ ಕೈ ಮಾತ್ರ. ಹೋಗುವಾಗ ಸಿರಿ, "ನಿಮ್ಮಪ್ಪನ ಬಗ್ಗೆ ಎರಡು ಪುಟ ಬರ್ದುಕೊಡೇ," ಎಂದು ಈ ಬಿಳಿ ಹಾಳೆಗಳನ್ನು ಕೊಟ್ಟು ಹೋದಳು.

ಎರಡು ಪುಟಕ್ಕಿಂತ ಜಾಸ್ತಿ ಆಗಿದೆ. ನಾಳೆ ಬೆಳಿಗ್ಗೆ ಅಪ್ಪ ಗಾಡಿ ಹತ್ತುವ ಮೊದಲು ಇದನ್ನು ಅವನ ಮುಂದೆ ನಿಂತು ಪೂರ್ತಿ ಓದುತ್ತೇನೆ, ತಲೆ ಅಲ್ಲಾಡಿಸಿದ್ದನ್ನೂ ಬಿಡದೆ. ಆಮೇಲೆ ಸಿರಿಯ ಮನೆಗೆ ಹೋಗಿ, ಶಿವಬಸಮ್ಮನವರು ಇರುವಾಗಲೇ ಇದನ್ನು ಕೊಡುತ್ತೇನೆ. ಆಮೇಲೆ ಪುಸ್ತಕ ಕೆಳಗಿಳಿಸಿ, ಹಗ್ಗ ತೆಗೆದುಕೊಂಡು, ಅರವತ್ತೊಂದು ಮನೆಯ ಗೇಟುಗಳನ್ನೂ ಒಂದೊಂದಾಗಿ ನೋಡಿಕೊಂಡು ಬರುತ್ತೇನೆ.